ಕಳಿಸಲು ಬಂದವರು ಎಲ್ಲಿ ಇಳಿಯಬೇಕು?

ಹಿರೇಮರಡಿ, ಗೋಕಾಕ ತಾಲೂಕು
ಶ್ರಾವಣ, ೧೯೩೬

ಸಣ್ಣ ಗಾಡಿಯ ಸಂಚಾರ ವ್ಯವಸ್ಥಾಪಕ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಾವು ಜಾಲಿಹಳ್ಳದ ನಿಲುಗಡೆಯನ್ನು ರದ್ದು ಮಾಡಿದ್ದರಿಂದ ನನ್ನ ಮಗಳು ಗಂಡನ ಮನೆಗೆ ಹೋಗಲಾರದೆ ತವರಿನಲ್ಲಿ ಕೂತಿದ್ದಾಳೆ. ಇದೇ ನನ್ನ ತಕರಾರು. ಮುಂದೆ ಬರೆಯುವುದೆಲ್ಲ ಇದರ ವಿವರ. ತಮ್ಮ ಕಚೇರಿಗೆ ಅರ್ಜಿ ಕೊಟ್ಟು ನೋಡಿದೆ. 'ಪರಿಶೀಲಿಸಲಾಗುವುದು' ಎಂದು ಉತ್ತರ ಬಂತು. ಮತ್ತೊಂದು ಕೊಟ್ಟೆ. ಅದಕ್ಕೂ ಅದೇ ಉತ್ತರ, ಅದೇ ಮಸಿ. ತಮ್ಮ ಪರಿಶೀಲನೆ ಮುಗಿಯುವಷ್ಟರಲ್ಲಿ ತೊಟ್ಟಿಲಲ್ಲಿರುವ ನನ್ನ ಮೊಮ್ಮಗನಿಗೆ ಮೀಸೆ ಬಂದೀತೆಂಬ ಭಯದಿಂದ ಈ ಪತ್ರವನ್ನು ವಾರಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ. ತಮಗೆ ಕನ್ನಡ ಬಾರದೆಂದು ಬಲ್ಲೆ. ಕಚೇರಿಯ ಗುಮಾಸ್ತರು ಇದನ್ನು ಇಂಗ್ಲಿಷಿಗೆ ತಿರುಗಿಸಿ ಓದಿ ಹೇಳುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ ಇದೆ. ನಾನು ಸಿಟ್ಟು ಮಾಡಿದ ಕಡೆಯಲ್ಲಿ ದಯವಿಟ್ಟು 'ಸವಿನಯ ಪ್ರಾರ್ಥನೆ' ಎಂದು ತಿರುಗಿಸಬೇಡಿ.

ತಮ್ಮ ನೋಟೀಸು ನಮ್ಮೂರ ತಗಡಿನ ಸ್ಟೇಷನ್ನಿನ ಗೋಡೆಯ ಮೇಲಿದೆ. ಜಾಲಿಹಳ್ಳದ ದಂಡೆಯಲ್ಲಿ ಗಾಡಿ ನಿಲ್ಲಿಸುವುದಕ್ಕೆ ಕಾರಣವೂ ಇಲ್ಲ, ಹಿಂದಿನ ಇತಿಹಾಸವೂ ಇಲ್ಲ, ಅದರಿಂದ ಕಲ್ಲಿದ್ದಲು ಹಾಳು ಎಂದು ಅದರಲ್ಲಿ ಬರೆದಿದ್ದೀರಿ. ಕಲ್ಲಿದ್ದಲಿನ ವಿಷಯ ತಮಗೆ ಗೊತ್ತು, ಬೆಲ್ಲದ ವ್ಯಾಪಾರಿಯಾದ ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಇತಿಹಾಸ ಇಲ್ಲ ಎಂದಿರಲ್ಲ, ಆ ಮಾತು ಮಾತ್ರ ನನಗೆ ನುಂಗಲಾಗಲಿಲ್ಲ. ತಾವು ಈ ಸೀಮೆಗೆ ಬಂದು ಒಂದು ಬೇಸಿಗೆಯಾಯಿತು. ಗಾಡಿ ಬಂದು ಮೂವತ್ತು ವರ್ಷವಾಗುತ್ತ ಬಂತು. ತಾವು ಇಲ್ಲದಾಗ ನಡೆದದ್ದೆಲ್ಲ ನಡೆದೇ ಇಲ್ಲ ಎಂದು ಯಾವ ಕಾಯಿದೆಯಲ್ಲಿದೆ?

ಇತಿಹಾಸ ನಾನು ಹೇಳುತ್ತೇನೆ, ಕೇಳಿ. ಗೋಕಾಕದ ಧಬಧಬೆ ಜಲಪಾತದ ಹತ್ತಿರದ ಗಿರಣಿಗೆ ಅರಳೆ ಒಯ್ಯಲಿಕ್ಕೆ, ಅಲ್ಲಿಂದ ನೂಲಿನ ಗಂಟು ದೊಡ್ಡ ರೈಲಿಗೆ ಮುಟ್ಟಿಸಲಿಕ್ಕೆ ಈ ಗಾಡಿ ಹುಟ್ಟಿತು. ದೊಡ್ಡ ರೈಲಿನ ಹಳಿಯಷ್ಟು ಅಗಲವಿಲ್ಲದ್ದರಿಂದ ನಾವು ಇದಕ್ಕೆ ಸಣ್ಣ ಗಾಡಿ ಎಂದೆವು. ಹಳಿ ಹಾಸುವ ಮೊದಲು ತಮ್ಮಂತೆಯೇ ಟೊಪ್ಪಿಗೆ ಹಾಕಿದ ನೆಲ ಅಳೆಯುವ ಒಬ್ಬ ಮೋಜಣಿ ಸಾಹೇಬರು ಬಂದು ಊರ ಹಿರಿಯರನ್ನು ಕೂಡಿಸಿದರು. ಜಾಲಿಹಳ್ಳಕ್ಕೆ ಸೇತುವೆ ಕಟ್ಟಬೇಕು, ಆಚೆ ಈಚೆ ದಂಡೆ ಗಟ್ಟಿಯಾಗಿರುವ ಜಾಗ ಒಂದೇ, ಅದು ನಿಮ್ಮ ಬಂಡಿ ದಾಟುವ ದಾರಿ, ಅದನ್ನು ನಮಗೆ ಬಿಟ್ಟುಕೊಡಿ ಎಂದರು. ಬಂಡಿ ದಾರಿ ಹೋದರೆ ನಾವು ಹಳ್ಳ ದಾಟುವುದು ಹೇಗೆಂದು ಹಿರಿಯರು ಕೇಳಿದರು. "ನಿಮ್ಮ ಬಂಡಿ ಏನೇನು ಮಾಡುತ್ತಿತ್ತೋ ಅದನ್ನೆಲ್ಲ ನಮ್ಮ ಗಾಡಿ ಮಾಡುತ್ತದೆ" ಎಂದು ಆ ಪುಣ್ಯಾತ್ಮರು ಮಾತು ಕೊಟ್ಟರು. ಹಿರಿಯರು ನಂಬಿ ದಾರಿ ಬಿಟ್ಟರು. ಇವತ್ತು ಅಲ್ಲಿ ತಮ್ಮ ಸೇತುವೆಯ ಕಂಬಗಳಿವೆ, ಎತ್ತು ಇಳಿಯಲು ಜಾಗವಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ತಮ್ಮ ಕಂಪನಿ ಇಷ್ಟು ಚೆನ್ನಾಗಿ ಕಲಿತದ್ದು ಎಲ್ಲಿಂದಲೋ ತಿಳಿಯದು.

ಈಗ ನಮ್ಮ ಬಂಡಿ ಅಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ಹೇಳಬೇಕು. ನಮ್ಮ ಕಡೆ ಮನೆಯಿಂದ ಹೊರಟವರನ್ನು, ಅದರಲ್ಲೂ ಹೆಣ್ಣುಮಗಳನ್ನು, ನೀರಿನ ತನಕ ಕಳಿಸುವ ರೂಢಿಯಿದೆ. ಹೊಳೆಯಾಗಲಿ ಹಳ್ಳವಾಗಲಿ, ದಾರಿಯಲ್ಲಿ ಮೊದಲು ಸಿಕ್ಕ ನೀರಿನ ತನಕ. ಬಂಡಿ ಅಲ್ಲಿ ನಿಲ್ಲುತ್ತಿತ್ತು. ಹುಡುಗಿ ಇಳಿದು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಳು. ಆಗ ಬುತ್ತಿಯ ಗಂಟು ಅವಳ ಕೈಗೆ ಹೋಗಬೇಕು, ಅದಕ್ಕಿಂತ ಮೊದಲು ಕೊಡುವಂತಿಲ್ಲ. ಅವಳು ಬಂಡಿ ಏರಿ ದಾಟುವಳು. ಉಳಿದವರು ಈಚೆ ದಂಡೆಯಲ್ಲಿ ನಿಂತು, ಕಣ್ಣಿಗೆ ಕಾಣುವ ತನಕ ನೋಡಿ ಮನೆಗೆ ಮರಳುವರು. ಕಟ್ಟಳೆ ಒಂದೇ: ಕಳಿಸಲು ಬಂದವರು ನೀರು ದಾಟಬಾರದು. ದಾಟಿದವರು ಕಳಿಸುವವರಲ್ಲ, ಹೋಗುವವರು. ಅವರು ಕೊನೆಯ ತನಕ ಜೊತೆಗೇ ಹೋಗಬೇಕು, ಮತ್ತು ಆ ಹುಡುಗಿಯನ್ನು ಕಳಿಸಿದ ಹಾಗೆ ಆಗುವುದಿಲ್ಲ. ತಾವು ನಗುತ್ತಿರಬಹುದು. ನಗಿರಿ. ನಾವು ಬಸವಣ್ಣನ ಒಕ್ಕಲು, ಶಕುನ ಪಂಚಾಂಗಗಳಿಗೆ ಹೆದರುವ ಜನವಲ್ಲ. ಇದು ಶಕುನದ ಮಾತೂ ಅಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಗಾಡಿ ಮೊದಲು ಓಡಿದ ವರ್ಷ ನನ್ನ ಅಕ್ಕ ಕಾಶೆವ್ವ ಪಂಚಮಿಗೆ ತವರಿಗೆ ಬಂದಿದ್ದಳು. ಅವಳನ್ನು ಸಂಕೇಶ್ವರಕ್ಕೆ ಕೊಟ್ಟಿತ್ತು. ಹಬ್ಬ ಮುಗಿಸಿ ಹೊರಟಾಗ ಊರಿಗೆ ಊರೇ ಹೊಸ ಗಾಡಿಯ ಸಂಭ್ರಮದಲ್ಲಿತ್ತು. ಎಂಜಿನ್ನಿಗೆ ವಿಭೂತಿ ಹಚ್ಚಿದವರು ಎಷ್ಟು ಜನ, ಕಾಯಿ ಒಡೆದವರು ಎಷ್ಟು ಜನ. ಅಕ್ಕ ಕಿಟಕಿಯ ಪಕ್ಕ ಕೂತಳು, ನಮ್ಮವ್ವ ದುಂಡವ್ವ ಕೆಳಗೆ ನಿಂತಳು. ಹಳ್ಳದ ತನಕ ಕಳಿಸುವುದು ಆ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಸೀಟಿ ಊದಿತು, ಗಾಡಿ ಹೊರಟಿತು. ಸ್ಟೇಷನ್ ಬಿಟ್ಟ ಕೂಡಲೇ ಹಳಿ ಮರಡಿ ಗುಡ್ಡದ ಹಿಂದೆ ತಿರುಗುತ್ತದೆ, ತಾವು ನೋಡಿದ್ದೀರಿ. ಅಕ್ಕನ ಮುಖ ಕಾಣುತ್ತಿತ್ತು, ಆಮೇಲೆ ಮರಡಿ ಕಂಡಿತು. ಮುಂದಿನ ಪಂಚಮಿಗೆ ಮೊದಲೇ ಸಂಕೇಶ್ವರದಲ್ಲಿ ಪ್ಲೇಗು ಬಿತ್ತು, ಅಕ್ಕ ಹೋದಳು. ಪ್ಲೇಗಿನ ಕಾಲದಲ್ಲಿ ಊರೊಳಗೆ ಯಾರನ್ನೂ ಬಿಡುತ್ತಿರಲಿಲ್ಲವಾದ್ದರಿಂದ ಮಣ್ಣಿಗೂ ನಮಗೆ ಹೋಗಲಾಗಲಿಲ್ಲ. ಹಳ್ಳದ ತನಕ ಕಳಿಸದ್ದಕ್ಕೆ ಪ್ಲೇಗು ಬಂತೆಂದು ನಮ್ಮವ್ವ ಒಂದು ದಿನವೂ ಅಂದವಳಲ್ಲ. ಅವಳು ಅನ್ನುವುದು ಇಷ್ಟೇ: "ನಾ ಇನ್ನೊಂದೀಟ ನೋಡಬೇಕಿತ್ತು." ನನಗೂ ಹಾಗೇ ಅನಿಸುತ್ತದೆ ಸಾಹೇಬರೇ, ಈ ವಯಸ್ಸಿನಲ್ಲೂ ಅನಿಸುತ್ತದೆ.

ಮರುವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು ಗಂಡನ ಮನೆಗೆ ಹೊರಟಳು. ಅವ್ವ ಯಾರನ್ನೂ ಕೇಳದೆ, ಬುತ್ತಿಯ ಗಂಟು ಕಂಕುಳಲ್ಲಿಟ್ಟುಕೊಂಡು ಅವಳ ಜೊತೆ ಗಾಡಿ ಏರಿ ಕೂತಳು. ಆಗಿನ ಸೇತುವೆ ಬಡಕಲು, ಅದರ ಹತ್ತಿರ ಗಾಡಿ ಎಮ್ಮೆಯಂತೆ ನಡೆಯುತ್ತಿತ್ತು. ಹಳ್ಳ ಬಂದ ಕೂಡಲೇ ಅವ್ವ ಕಿಟಕಿಯಿಂದ ತಲೆ ಹಾಕಿ ಡ್ರೈವರ್ ರಾಜಪ್ಪನನ್ನು ಕರೆದಳು.

"ತಮ್ಮಾ, ನಿಂದ್ರಸಪ್ಪ. ನಾ ಇಲ್ಲೇ ಇಳಿಯಾಕಿ."

"ಇಲ್ಲಿ ಸ್ಟೇಷನ್ ಇಲ್ಲಬೇ ಯವ್ವಾ."

"ಸ್ಟೇಷನ್ ನಿಂದು, ಹಳ್ಳ ನಂದು. ನಿಂದ್ರಸು."

ರಾಜಪ್ಪ ನಿಲ್ಲಿಸಿದ. ಆಗ ಅವನಿನ್ನೂ ಎಳೆಯ, ಅವನಿಗೂ ಅಕ್ಕತಂಗಿಯರಿದ್ದರು. ತಮ್ಮ ದಫ್ತರದಲ್ಲಿ ಇಲ್ಲದ ಜಾಲಿಹಳ್ಳದ ನಿಲುಗಡೆ ಹುಟ್ಟಿದ್ದು ಹೀಗೆ. ಅಂದಿನಿಂದ ನಮ್ಮೂರಿನಿಂದ ಹೋದ ಪ್ರತಿಯೊಬ್ಬ ಹೆಣ್ಣುಮಗಳ ಜೊತೆ ಓಣಿಯವರು ಗಾಡಿ ಏರಿದ್ದಾರೆ, ಹಳ್ಳದಲ್ಲಿ ಇಳಿದಿದ್ದಾರೆ, ನಿಂತು ನೋಡಿ ಕಾಲ್ನಡಿಗೆಯಲ್ಲಿ ಮರಳಿದ್ದಾರೆ. ತಮಗಿಂತ ಮೊದಲಿದ್ದ ಸಾಹೇಬರುಗಳು ಇದನ್ನು ಕಂಡೂ ಕಾಣದಂತಿದ್ದರು. ಅವರಲ್ಲಿ ಒಬ್ಬರಂತೂ ತಮ್ಮ ಹೆಂಡತಿಗೆ ತೋರಿಸಲೆಂದೇ ಒಂದು ದಿನ ಗಾಡಿಯಲ್ಲಿ ಬಂದು, ನಮ್ಮವರು ಕೊಟ್ಟ ಸಜ್ಜಿರೊಟ್ಟಿ ತಿಂದು ಹೋದರು.

ಇನ್ನೊಂದು ಸಂಗತಿಯೂ ಇತಿಹಾಸದಲ್ಲಿ ಸೇರಬೇಕು. ಜಾಲಿಹಳ್ಳಕ್ಕೆ ಮಹಾಪೂರ ಬಂದ ವರ್ಷ ಸೇತುವೆಯ ಒಂದು ಕಾಲು ಮುರಿದು ತಮ್ಮ ಎಂಜಿನ್ನು ಕೆಸರಿಗೆ ಇಳಿಯಿತು. ಇಳಿದದ್ದು ಹಟ ಹಿಡಿದ ಕೋಣನಂತೆ ಅಲ್ಲಿಯೇ ಕೂತಿತು. ಕಂಪನಿಯ ಸರಪಳಿ ಹರಿಯಿತು, ಕಂಪನಿಯ ದೊಡ್ಡವರಿಗೆ ಜ್ವರ ಬಂತು. ಕೊನೆಗೆ ಹಿರೇಮರಡಿಯ ಎತ್ತುಗಳು, ಸುತ್ತಲ ನಾಲ್ಕು ಹಳ್ಳಿಯ ಎತ್ತುಗಳು ಕೂಡಿ ಅದನ್ನು ದಂಡೆಗೆ ಎಳೆದವು. ಅವತ್ತು ಸೋಮವಾರ. ಸೋಮವಾರ ನಾವು ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಆದರೂ ಇಟ್ಟೆವು, ಪಾಪ, ಗಾಡಿಯೂ ನಮ್ಮೂರಿನದೇ ಅಲ್ಲವೇ ಎಂದು. ಆಗ ತಮ್ಮ ಎಂಜಿನ್ನು ಜಾಲಿಹಳ್ಳದಲ್ಲಿ ಯಾವ ಕಾರಣವೂ ಇತಿಹಾಸವೂ ಇಲ್ಲದೆ ವಾರಗಟ್ಟಲೆ ನಿಂತಿತ್ತಲ್ಲ, ಅದಕ್ಕೆ ಯಾರಾದರೂ ನೋಟೀಸು ಅಂಟಿಸಿದ್ದರೇ?

ಹೀಗೆ ಚೆನ್ನಾಗಿ ನಡೆದಿದ್ದ ಸಂಸಾರಕ್ಕೆ ಈ ವರ್ಷ ಹೊಸ ಎಂಜಿನ್ನು ಬಂತು, ಸೇತುವೆಗೆ ಹೊಸ ಕಬ್ಬಿಣ ಬಂತು, ಅವುಗಳ ಜೊತೆ ತಾವೂ ಬಂದಿರಿ. ತಾವು ಕಳಿಸಿದ ತಪಾಸಣಿಗಾರರು ಲಗ್ನದ ದಿನಗಳಲ್ಲಿ ಬಂದರು. ನಮ್ಮ ಸ್ಟೇಷನ್ನಿನಲ್ಲಿ ಒಂದು ಓಣಿಯಷ್ಟು ಜನ ಏರಿದ್ದನ್ನು ನೋಡಿದರು. ಟಿಕೇಟು ಕೇಳಿದರೆ ಇದ್ದದ್ದು ಮದುಮಗಳ ಕೈಯಲ್ಲಿ ಒಂದು, ಮದುಮಗನ ಕೈಯಲ್ಲಿ ಒಂದು. ಇಡೀ ಹಿರೇಮರಡಿ ಟಿಕೇಟುಗಳ್ಳರ ಊರು ಎಂದು ಅವರು ವರದಿ ಬರೆದರಂತೆ. ಉಳಿದವರು ಎಲ್ಲಿಗೆ ಹೊರಟಿದ್ದಾರೆ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವರು ಎಲ್ಲಿಗೂ ಹೊರಟಿರಲಿಲ್ಲ. ಆದರೆ ತಪಾಸಣಿಗಾರರಿಗೆ ತಲೆ ಎಣಿಸುವ ಪಗಾರ ಕೊಡುತ್ತೀರಿ, ಮಾತು ಕೇಳುವ ಪಗಾರ ಬೇರೆ ಕೊಡಬೇಕೇನೋ.

ಈಗ ನನ್ನ ಮನೆಯ ಸುದ್ದಿಗೆ ಬರುತ್ತೇನೆ. ನನ್ನ ಮಗಳು ಶಂಕ್ರವ್ವನನ್ನು ಹುಕ್ಕೇರಿಗೆ ಕೊಟ್ಟಿದೆ. ಚೊಚ್ಚಲ ಹೆರಿಗೆಗೆ ಬಂದಿದ್ದಳು, ಬಾಣಂತನ ಮುಗಿಯಿತು. ಅಳಿಯ ಅಣ್ಣಪ್ಪ ಕರೆದೊಯ್ಯಲು ಬಂದ. ಅಷ್ಟರಲ್ಲಿ ತಮ್ಮ ನೋಟೀಸು ಗೋಡೆಗೆ ಅಂಟಿತ್ತು. ರಾಜಪ್ಪ ಈಗ ಮುದುಕನಾಗಿದ್ದಾನೆ. ಹೊಸ ಎಂಜಿನ್ನೂ ಅವನ ಕೈಯಲ್ಲೇ ಇದೆ. ನಾನು ಹೋಗಿ ಕೇಳಿದೆ. "ಏನ್ ಮಾಡ್ಲಿರಿ ಗುರುಲಿಂಗಪ್ಪಾರ, ನಿಂದ್ರಿಸಿದ್ರ ನನ್ನ ನೌಕರಿ ಹೋಗತೈತಿ. ಇನ್ನ ಎರಡ ವರ್ಷ ಐತ್ರಿ" ಎಂದು ತಲೆ ತಗ್ಗಿಸಿದ. ಅವನನ್ನು ನಾನು ದೂರುವುದಿಲ್ಲ, ತಾವೂ ಅವನ ಮೇಲೆ ಕಣ್ಣು ಹಾಕಬೇಡಿ.

ಕಾನೂನು ಮುರಿಯದೆ ಕಳಿಸುವ ಉಪಾಯವೊಂದನ್ನು ಮಾಡಿದೆವು. ಮಗಳು, ಅಳಿಯ, ಕೂಸು ಸ್ಟೇಷನ್ನಿನಲ್ಲಿ ಗಾಡಿ ಏರುವುದು, ನಾವು ಮೊದಲೇ ನಡೆದು ಹೋಗಿ ಹಳ್ಳದ ದಂಡೆಯಲ್ಲಿ ನಿಂತಿರುವುದು. ಗಾಡಿ ಬಂತು. ಬಂತು ಅನ್ನುವುದಕ್ಕಿಂತ ಹೋಯಿತು ಅನ್ನಬೇಕು. ಅವ್ವ ಬುತ್ತಿಯ ಗಂಟನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದಳು. ಅಣ್ಣಪ್ಪ ಕಿಟಕಿಯಿಂದ ಬಾಗಿ ಕೈ ಚಾಚಿದ. ಅವನ ಕೈಗೆ ಗಂಟಿನ ಬಟ್ಟೆ ಬಂತು, ರೊಟ್ಟಿ ಹಳಿಯ ಮೇಲೆ ಬಿದ್ದವು, ನಂಜಿಕೊಳ್ಳುವ ಶೇಂಗಾ ಹಿಂಡಿ ಹಿಂದಿನ ಡಬ್ಬಿಯಲ್ಲಿ ಹಸಿರು ನಿಶಾನೆ ಹಿಡಿದು ನಿಂತಿದ್ದ ತಮ್ಮ ಗಾರ್ಡ್ ಸಾಹೇಬರ ಬಿಳಿ ಕೋಟಿನ ಮೇಲೆ ಬಿತ್ತು. ತಮ್ಮ ಕಚೇರಿಗೆ ಹಿಂಡಿಯ ಬಗ್ಗೆ ದೂರು ಬಂದಿದ್ದರೆ ಅದು ನಮ್ಮ ಮನೆಯದೇ, ಒಪ್ಪಿಕೊಳ್ಳುತ್ತೇನೆ, ಕೋಟು ಒಗೆಸಿಕೊಡುತ್ತೇನೆ. ಶಂಕ್ರವ್ವ ದೊಡ್ಡ ರೈಲಿನ ಸ್ಟೇಷನ್ನಿನಲ್ಲಿ ಇಳಿದು, ಆಯಿ, ಅಂದರೆ ನಮ್ಮವ್ವ, ಮರುಗುತ್ತಾಳೆಂದು ಸಂಜೆಯ ಗಾಡಿಗೆ ಕೂಸನ್ನು ಎತ್ತಿಕೊಂಡು ತಿರುಗಿ ಬಂದಳು. ಅಣ್ಣಪ್ಪ ಖಾಲಿ ಬಟ್ಟೆ ಹಿಡಿದು ಹುಕ್ಕೇರಿಗೆ ಹೋದ.

ಶಂಕ್ರವ್ವನನ್ನು ಎರಡನೆಯ ಸಲ ಕಳಿಸುವಾಗ ಓಣಿಯವರೆಲ್ಲ ಒಂದು ಯೋಚನೆ ಮಾಡಿದರು. ನಾಲ್ಕು ಮಂದಿ ಏರಿದರೆ ತಾನೇ ಗಾಡಿ ನಿಲ್ಲುವುದಿಲ್ಲ, ಊರೇ ಏರಿ ಕೂತರೆ ಹೇಗೆ ನಿಲ್ಲುವುದಿಲ್ಲ ನೋಡೋಣ ಎಂದರು. ನನಗೂ ಅದು ಸರಿ ಕಂಡಿತು. ಸೋಮವಾರವಾದ್ದರಿಂದ ಎಲ್ಲರಿಗೂ ಬಿಡುವು. ಮನೆಗೆ ಬೀಗ ಹಾಕದವರು ಬಂದರು, ಒಲೆಯ ಮೇಲೆ ಬೇಳೆ ಇಟ್ಟವರು ಬಂದರು, ಸೀಟಿ ಕೇಳಿ ಅರ್ಧ ಮುಖದ ಕ್ಷೌರ ಬಿಟ್ಟು ಎದ್ದವನೊಬ್ಬ ಬಂದ, ಹೇಗೂ ಹಳ್ಳದಿಂದ ತಿರುಗಿ ಬರುವವರಲ್ಲವೇ. ಹಳ್ಳ ಬಂತು. ಎಲ್ಲರೂ ಎದ್ದು ಬಾಗಿಲ ಹತ್ತಿರ ನಿಂತರು. ಗಾಡಿ ನಿಲ್ಲಲಿಲ್ಲ. ಸೇತುವೆಯ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ನೀರು ದಾಟಿಬಿಟ್ಟಿದ್ದೆವು. ಕೊನೆಗೆ ಅವ್ವ ಸೀರೆಯ ಸೆರಗು ಸರಿಮಾಡಿಕೊಂಡು ಕೂತು ತೀರ್ಪು ಕೊಟ್ಟಳು: "ಇನ್ನೇನೈತಿ, ನಡೀರಿ ಹುಕ್ಕೇರಿಗೆ."

ಹೋದೆವು ಸಾಹೇಬರೇ. ಸಣ್ಣ ಗಾಡಿ, ಅಲ್ಲಿಂದ ದೊಡ್ಡ ಸ್ಟೇಷನ್ನು, ಅಲ್ಲಿಂದ ಸಿಕ್ಕ ಬಂಡಿ, ಸಿಗದವರು ಕಾಲ್ನಡಿಗೆ. ಬೀಗತಿ ಅಲ್ಲವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ನಮ್ಮನ್ನು ನೋಡಿದಳು. ಜನ ಬರುತ್ತಲೇ ಇದ್ದರು.

"ಏನ್ರಿ ಬೀಗರ, ಊರಿಗೆ ಊರs ಬಂದೈತಿ?"

"ಕಳಸಾಕ ಬಂದಿದ್ವಿರಿ. ಗಾಡಿ ನಿಂದ್ರಲಿಲ್ಲ" ಎಂದೆ.

ಅವಳು ಎಷ್ಟು ನಕ್ಕಳೆಂದರೆ ಕಣ್ಣು ಒರೆಸಿಕೊಳ್ಳಬೇಕಾಯಿತು. ಅರ್ಧ ಕ್ಷೌರದವನನ್ನು ಕಂಡು ಮತ್ತೊಮ್ಮೆ ನಕ್ಕಳು. ಓಣಿಯ ಮನೆಮನೆಯಿಂದ ಹಿಟ್ಟು ಬಂತು, ಅಂಗಳದಲ್ಲಿ ಒಲೆ ಹೂಡಿದರು, ಝುಣಕ ರೊಟ್ಟಿ ಹೊಟ್ಟೆ ತುಂಬ ಉಂಡೆವು. ಉಂಡಾದ ಮೇಲೆ ಅವ್ವ ಎದ್ದು ಕೂಸನ್ನು ಎತ್ತಿಕೊಂಡಳು, ಶಂಕ್ರವ್ವನಿಗೂ ಏಳು ಎಂದಳು. ಅಣ್ಣಪ್ಪ ಬಾಗಿಲಿಗೆ ಅಡ್ಡ ನಿಂತ.

"ಆಯೀ, ಈಗ ಬಂದs ಬಂದಾಳಲ್ಲ. ಬಿಟ್ಟ ಹೋಗ್ರಿ ಇನ್ನ."

"ಬಂದಾಳ ಖರೆ, ನಾವ ಕಳಿಸಿಲ್ಲಪಾ."

ಅವನು ತನ್ನ ತಾಯಿಯ ಮುಖ ನೋಡಿದ. ಅಲ್ಲವ್ವ ಮಗನ ಪರವಾಗಿ ಮಾತಾಡುವಳೆಂದು ನಾನೂ ಆಸೆಪಟ್ಟಿದ್ದೆ. "ಖರೆ ಐತಿ ಬಿಡು. ನನ್ನ ನಮ್ಮವ್ವ ನೀರಿನ ಮಟಾ ಕಳಿಸಿದ್ಲು. ಹೆಣ್ಣಿನ ಹಂಗs ಎತ್ತಿ ತಂದ ಇಟ್ಕೋಬಾರದು" ಎಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಅಣ್ಣಪ್ಪನ ಮುಖದಲ್ಲಿ ಓದಬಹುದಿತ್ತು. ನಾವು ಮಗಳನ್ನು, ಕೂಸನ್ನು, ತೊಟ್ಟಿಲ ಸಮೇತ ಹಿರೇಮರಡಿಗೆ ತಿರುಗಿ ತಂದೆವು. ಹುಕ್ಕೇರಿಯವರು ನಮ್ಮನ್ನು ತಮ್ಮೂರ ಹಳ್ಳದ ತನಕ ಬಂದು ಕಳಿಸಿದರು. ಅವರು ನಡೆದು ಬಂದಿದ್ದರಿಂದ ಅವರಿಗೆ ಇಳಿಯುವ ತೊಂದರೆ ಇರಲಿಲ್ಲ.

ಅಳಿಯ ಬರುವ ಸೋಮವಾರ ಮತ್ತೆ ಬರುತ್ತಾನೆ. ನಾವು ಹುಕ್ಕೇರಿಯಿಂದ ಹೊರಡುವಾಗ ನನ್ನನ್ನು ಬಾಜೂಕ್ಕೆ ಕರೆದು ಹೇಳಿದ: "ಮಾವಾರ, ಇದs ಕಡೀದ್ದು. ಗಾಡಿ ನಿಂತರ ಕರ್ಕೊಂಡ ಹೋಗ್ತೀನಿ. ನಿಂದ್ರದಿದ್ರ ನಾನೂ ನಿಮ್ಮ ಮನ್ಯಾಗs ಉಳೀತೀನಿ. ಬೆಲ್ಲದ ಅಂಗಡಿ ಕಲಸ್ರಿ." ಹುಡುಗ ಒಳ್ಳೆಯವನು, ಆದರೆ ಬೆಲ್ಲ ಮಾರುವುದಕ್ಕಿಂತ ತಿನ್ನುವುದರಲ್ಲಿ ಗಟ್ಟಿಗ. ಇದು ನಗುವ ಮಾತಾಯಿತು. ನಗಲಾಗದ ಮಾತು ಮೊನ್ನೆ ಶಂಕ್ರವ್ವ ಆಡಿದಳು. ಕೂಸಿಗೆ ಎಣ್ಣೆ ಹಚ್ಚುತ್ತ, ತಲೆ ಎತ್ತದೆ ಹೇಳಿದಳು: "ಅಪ್ಪಾ, ನನಗ ನನ್ನ ಮನಿ ಬೇಕಾಗೇತಿ. ನಾ ಯಾರಿಗೂ ಹೇಳದ ಒಬ್ಬಾಕಿನs ಹೋಗಿಬಿಡ್ತೀನಿ. ಆಯಿಗೆ ನೀ ಸಮಾಧಾನ ಹೇಳು." ಅವಳ ಮಾತಿನಲ್ಲಿ ತಪ್ಪಿಲ್ಲ. ಅವಳ ಒಲೆ, ಅವಳ ಗಂಡ, ಅವಳ ಎಮ್ಮೆ ಎಲ್ಲ ಹುಕ್ಕೇರಿಯಲ್ಲಿವೆ. ಆದರೆ ಒಬ್ಬ ಮಗಳು ಮರಡಿಯ ಹಿಂದೆ ಮರೆಯಾದದ್ದನ್ನು ಕಂಡ ಮುದುಕಿಗೆ, ಮೊಮ್ಮಗಳೂ ಹೇಳದೆ ಹೋದಳೆಂದು ನಾನು ಯಾವ ಬಾಯಿಂದ ಹೇಳಲಿ? ಅವ್ವನಿಗೆ ಎಂಬತ್ತು ದಾಟಿದೆ. ಶಂಕ್ರವ್ವನನ್ನು ಅವಳು ಇನ್ನೊಮ್ಮೆ ಕಳಿಸುತ್ತಾಳೋ ಇಲ್ಲವೋ ಯಾರು ಬಲ್ಲರು. ನನ್ನ ಆಸೆಯೆಂದರೆ, ಈ ಒಂದು ಸಲ ಅವಳು ಆ ದಂಡೆಯಲ್ಲಿ ನಿಂತು, ಸಾಕೆನಿಸುವ ತನಕ ನೋಡಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಸೋಮವಾರ ಬೆಳಗಿನ ಗಾಡಿ ಜಾಲಿಹಳ್ಳದ ಈಚೆ ದಂಡೆಯಲ್ಲಿ ನಿಲ್ಲಬೇಕು. ಒಬ್ಬ ಮುದುಕಿ ಇನ್ನೊಬ್ಬರ ಕೈ ಹಿಡಿದು ಇಳಿದು, ಒಂದು ಗಂಟನ್ನು ಮೊಮ್ಮಗಳ ಕೈಗೆ ಕೊಡುವಷ್ಟು ಹೊತ್ತು ನಿಂತರೆ ಸಾಕು. ಆಮೇಲೆಯೂ ಹಾಗೆಯೇ ನಡೆಯಬೇಕು. ಕಳಿಸಲು ಬರುವವರಿಗೆ ಹಳ್ಳದ ತನಕ ಟಿಕೇಟು ಮಾಡಿಸಿ, ತೆಗೆದುಕೊಳ್ಳುತ್ತೇವೆ. ಕಂಬ ನೆಟ್ಟು ಹಲಗೆ ಹಾಕಿಸಿ, ತಮಗೆ ಇಷ್ಟವಾದ ಹೆಸರನ್ನೇ ಬರೆಸಿ. ಇದೂ ಆಗದಿದ್ದರೆ ಮೋಜಣಿ ಸಾಹೇಬರು ತೆಗೆದುಕೊಂಡ ನಮ್ಮ ಬಂಡಿ ದಾರಿಯನ್ನು ಸೇತುವೆ ಕಿತ್ತು ತಿರುಗಿ ಕೊಡಿ. ಯಾವುದೂ ಆಗದು ಎಂದರೆ ಹುಕ್ಕೇರಿಯ ಅಲ್ಲವ್ವನಿಗೆ ತಾವೇ ಒಂದು ನೋಟೀಸು ಕಳಿಸಿ ಎಷ್ಟು ಜನರಿಗೆ ಅಡಿಗೆ ಮಾಡಬೇಕೆಂದು ತಿಳಿಸಬೇಕು.

ಈ ಪತ್ರವನ್ನು ಪತ್ರಿಕೆಯವರಿಗೆ ಕೊಡುವ ಮೊದಲು ಅವ್ವನಿಗೆ ಓದಿ ಹೇಳಿದೆ. ಪೂರಾ ಕೇಳಿದಳು. "ಆ ಸಾಹೇಬ ಎಲ್ಲಿಯಾಂವ?" ಎಂದು ಕೇಳಿದಳು. ಸಮುದ್ರದ ಆಚೆಯವರು, ಹಡಗಿನಲ್ಲಿ ಬಂದವರು ಎಂದೆ.

"ಅವನ ಅವ್ವ ಅದಾಳೇನ?"

"ಇರಬೇಕಬೇ."

"ಹಂಗಾರ ಆಕಿನೂ ನೀರಿನ ಮಟಾ ಬಂದಿರ್ತಾಳ" ಎಂದಳು. "ಆಕಿ ಮಗನ ಮಾರಿ ನೋಡಿ ಇಳಿಯೂ ತನಕ ಆ ಹಡಗ ನಿಂತಿತ್ತೋ ಇಲ್ಲೋ, ಅದೊಂದ ಕೇಳಿ ಬರಿ."

ಕೇಳಿ ಬರೆದಿದ್ದೇನೆ.

ಇಂತಿ,
ಮಗಳನ್ನು ಎರಡು ಸಲ ಕಳಿಸಿಯೂ ಇನ್ನೂ ಕಳಿಸದಿರುವ
ಗುರುಲಿಂಗಪ್ಪ
ಬೆಲ್ಲದ ವ್ಯಾಪಾರಿ, ಹಿರೇಮರಡಿ